ಆ ಸಂತರಿಗೆ ಆ ದಿನವೇ ಯಾಕೆ? ಹಬ್ಬದ ತಾರೀಖು ಹಿಡಿದು ಬದುಕು ಓದುವ ಬಗೆ

ಕೆಲವು ವರ್ಷಗಳ ಹಿಂದೆ ತೆರೇಸಾ ಎಂಬ ಹೆಸರಿನ ಪರಿಚಯದವರೊಬ್ಬರಿಗೆ ಅಕ್ಟೋಬರ್ 1ರ ಬೆಳಿಗ್ಗೆ, ಅವರ ಹೆಸರಿನ ಕಥೋಲಿಕ ಸಂತರ ಹಬ್ಬದ ಶುಭಾಶಯ ಕಳಿಸಿದೆ. ಸಂಜೆ ಉತ್ತರ ಬಂತು: “ಥ್ಯಾಂಕ್ಸ್. ಆದರೆ ನನ್ನ ಹಬ್ಬಕ್ಕೆ ಇನ್ನೂ ಎರಡು ವಾರ ಇದೆ.” ನನ್ನ ತಲೆಯಲ್ಲಿದ್ದವರು ಲಿಸ್ಯೂನ ಪುಟ್ಟ ತೆರೇಸಾ. ಆದರೆ ಆ ಪರಿಚಯದವರಿಗೆ ಮನೆಯವರು ಹೆಸರಿಟ್ಟದ್ದು ಸ್ಪೇನಿನ ಅವಿಲಾದ ತೆರೇಸಾರ ನೆನಪಿಗೆ. ಆ ಸಂತರ ಹಬ್ಬ ಅಕ್ಟೋಬರ್ 15.

ಮುಜುಗರ ಕಳೆಯಲಿ ಅಂತ ಆ ತಾರೀಖಿನ ಬಗ್ಗೆ ಓದಲು ಕೂತೆ. ಅವಿಲಾದ ತೆರೇಸಾ ತೀರಿಕೊಂಡದ್ದು 1582ರ ಅಕ್ಟೋಬರ್ 4ರ ರಾತ್ರಿ. ಹಾಗಾದರೆ ಹಬ್ಬ 15ಕ್ಕೆ ಯಾಕೆ? ಆ ವರ್ಷ ಸ್ಪೇನ್‌ನಲ್ಲಿ ಅಕ್ಟೋಬರ್ 4ರ ಮಾರನೇ ದಿನವೇ ಅಕ್ಟೋಬರ್ 15 ಆಗಿತ್ತು! ಹಳೆಯ ಜೂಲಿಯನ್ ಕ್ಯಾಲೆಂಡರಿನ ಲೆಕ್ಕ ತಪ್ಪಿಹೋಗಿತ್ತು. ಅದನ್ನು ಸರಿಪಡಿಸಲು ಪೋಪ್ 13ನೇ ಗ್ರೆಗರಿ ಹತ್ತು ದಿನಗಳನ್ನೇ ಕಿತ್ತುಹಾಕಿದ್ದರು. ಅದು ಜಾರಿಗೆ ಬಂದದ್ದು ಸರಿಯಾಗಿ ಆ ರಾತ್ರಿ.

ಅಂದಿನಿಂದ ನನಗೊಂದು ಚಟ ಹತ್ತಿದೆ. ಯಾವುದೇ ಸಂತರ ಹೆಸರು ಕಣ್ಣಿಗೆ ಬಿದ್ದರೂ ಮೊದಲು ಕೇಳುವುದು, ‘ಆ ದಿನವೇ ಯಾಕೆ?’ ಉತ್ತರ ಹುಡುಕಿಕೊಂಡು ಹೋದರೆ ಅರ್ಧ ಜೀವನಚರಿತ್ರೆ ತಾನಾಗಿ ಕೈಗೆ ಸಿಗುತ್ತದೆ. ಸಂತರ ಬಗ್ಗೆ ಓದಬೇಕು, ಆದರೆ ಸಾವಿರಾರು ಹೆಸರುಗಳ ನಡುವೆ ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ನಾನು ಹೇಳುವ ದಾರಿ ಇದೇ.

ಹೆಜ್ಜೆ 1: ಯಾವ ಸಂತರು ಅಂತ ಗಟ್ಟಿ ಮಾಡಿಕೊಳ್ಳಿ

ನನ್ನ ಹಾಗೆ ಎಡವಬೇಡಿ. ಒಂದೇ ಹೆಸರಿನ ಸಂತರು ಬೇಕಾದಷ್ಟಿದ್ದಾರೆ. ತೆರೇಸಾ ಅಂದರೆ ಅವಿಲಾದವರು, ಲಿಸ್ಯೂನವರು, ಕೋಲ್ಕತ್ತದ ಮದರ್ ತೆರೇಸಾ. ಸಾಲದ್ದಕ್ಕೆ ಎಡಿತ್ ಸ್ಟೈನ್ ಕೂಡ ಇದ್ದಾರೆ. ಯೆಹೂದಿ ಮನೆಯಲ್ಲಿ ಹುಟ್ಟಿ, ತತ್ವಶಾಸ್ತ್ರ ಓದಿ, ಕಾರ್ಮೆಲ್ ಮಠ ಸೇರಿ ತೆರೇಸಾ ಬೆನೆಡಿಕ್ಟಾ ಆದವರು. 1942ರ ಆಗಸ್ಟ್ 9ರಂದು ಆಶ್ವಿಟ್ಜ್‌ನಲ್ಲಿ ಕೊಲೆಯಾದರು. ಹಬ್ಬವೂ ಅದೇ ದಿನ.

ಅಂತೋಣಿಯವರ ವಿಷಯದಲ್ಲೂ ಇದೇ ಗೊಂದಲ. ಜೂನ್ 13ರವರು ಪಾದುವಾದ ಅಂತೋಣಿ. ಹುಟ್ಟಿದ್ದು ಲಿಸ್ಬನ್‌ನಲ್ಲಿ, ಮನೆಯವರು ಇಟ್ಟ ಹೆಸರು ಫೆರ್ನಾಂದೊ, ತೀರಿಕೊಂಡದ್ದು 1231ರಲ್ಲಿ. ಜನವರಿ 17ರವರು ಈಜಿಪ್ಟಿನ ಮರುಭೂಮಿಯ ಅಂತೋಣಿ. ಇಬ್ಬರ ನಡುವೆ ಸುಮಾರು ಒಂಬತ್ತು ಶತಮಾನಗಳ ಅಂತರ. ಫ್ರಾನ್ಸಿಸ್ ಎಂದರೆ ಅಸ್ಸಿಸಿಯವರೋ (ಅಕ್ಟೋಬರ್ 4), ಕ್ಸೇವಿಯರ್ ಅವರೋ (ಡಿಸೆಂಬರ್ 3), ಸೇಲ್ಸ್‌ನವರೋ (ಜನವರಿ 24)? ಯೊವಾನ್ನ ಎಂಬ ಹೆಸರಿನವರನ್ನಂತೂ ಎಣಿಸಲು ಹೋಗಬೇಡಿ.

ಆದ್ದರಿಂದ ಹೆಸರಿನ ಜೊತೆ ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಊರು, ಶತಮಾನ, ಏನು ಮಾಡಿಕೊಂಡಿದ್ದರು. ಅಲ್ಲಿಗೆ ಮುಕ್ಕಾಲು ಗೊಂದಲ ಮುಗಿಯುತ್ತದೆ.

ಅವರು ಯಾವ ಮೆಟ್ಟಿಲಲ್ಲಿದ್ದಾರೆ ಎಂಬುದನ್ನೂ ಇಲ್ಲೇ ನೋಡಿಬಿಡಿ. ಇವತ್ತಿನ ಕ್ರಮದಲ್ಲಿ ನಾಲ್ಕು ಮೆಟ್ಟಿಲು: ದೇವರ ಸೇವಕ, ಪೂಜ್ಯ, ಪುನೀತ, ಸಂತ. ಸಾಮಾನ್ಯವಾಗಿ ವ್ಯಕ್ತಿ ತೀರಿಕೊಂಡು ಐದು ವರ್ಷ ಆಗುವವರೆಗೆ ವಿಚಾರಣೆ ಶುರುವಾಗುವುದಿಲ್ಲ. ಪೋಪರು ಬೇಕೆಂದರೆ ಈ ಗಡುವಿಗೆ ವಿನಾಯಿತಿ ಕೊಡಬಹುದು. ಪುನೀತ ಪದವಿಗೆ ಒಂದು ಪವಾಡ ಸಾಬೀತಾಗಬೇಕು, ರಕ್ತಸಾಕ್ಷಿಗಳಿಗೆ, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರಿಗೆ, ಅದು ಬೇಕಿಲ್ಲ. ಸಂತ ಪದವಿಗೆ ಇನ್ನೊಂದು ಪವಾಡ. ಹಬ್ಬ ಹುಡುಕುವವರಿಗೆ ಮುಖ್ಯವಾದ ವ್ಯತ್ಯಾಸ ಏನೆಂದರೆ, ಪುನೀತರ ಹಬ್ಬ ಅವರ ನಾಡಿಗೆ ಅಥವಾ ಅವರ ಸನ್ಯಾಸಿ ಸಭೆಗೆ ಮಾತ್ರ ಸೀಮಿತ. ಸಂತರಾದ ಮೇಲೆ ಲೋಕದ ಎಲ್ಲ ಕಡೆ ಅವರನ್ನು ಗೌರವಿಸಬಹುದು.

ಹಿಂದೆ ಇಷ್ಟೆಲ್ಲ ಇರಲಿಲ್ಲ. ಜನ ನಂಬಿ ಸಮಾಧಿಗೆ ಬರುತ್ತಿದ್ದರು, ಸ್ಥಳೀಯ ಧರ್ಮಾಧ್ಯಕ್ಷರು (ಬಿಷಪ್) ಒಪ್ಪುತ್ತಿದ್ದರು, ಅಷ್ಟೇ. ಪೋಪರೇ ಸಂತರೆಂದು ಘೋಷಿಸಿದ ಮೊದಲ ದಾಖಲೆ ಸಿಗುವುದು 993ರಲ್ಲಿ, ಆಗ್ಸ್‌ಬರ್ಗ್‌ನ ಉಲ್ರಿಕ್ ಅವರ ವಿಷಯದಲ್ಲಿ.

ಹೆಜ್ಜೆ 2: ತಾರೀಖನ್ನು ಸರಿಯಾದ ಪಂಚಾಂಗದಲ್ಲಿ ನೋಡಿ

ಒಬ್ಬರೇ ಸಂತರಿಗೆ ಎರಡು ಕಡೆ ಎರಡು ತಾರೀಖು ಕಂಡರೆ ಗಾಬರಿಯಾಗಬೇಡಿ. ಎರಡೂ ಸರಿ ಇರಬಹುದು. ಕಾರಣಗಳು ಮುಖ್ಯವಾಗಿ ಮೂರು.

ಒಂದು, 1969. ಆ ವರ್ಷ ಪೋಪ್ 6ನೇ ಪೌಲ್ ಅವರು ಆರಾಧನಾ ಪಂಚಾಂಗವನ್ನು ತಿದ್ದಿದರು. ಬಹಳ ಹಬ್ಬಗಳು ಜಾಗ ಬದಲಿಸಿದವು. ಸಂತ ತೋಮರ ಹಬ್ಬ ಡಿಸೆಂಬರ್ 21ರಿಂದ ಜುಲೈ 3ಕ್ಕೆ ಬಂತು. ಬೆನೆಡಿಕ್ಟರದು ಮಾರ್ಚ್ 21ರಿಂದ ಜುಲೈ 11ಕ್ಕೆ ಹೋಯಿತು. ಹಳೆಯ ಪ್ರಾರ್ಥನಾ ಪುಸ್ತಕ ಹಿಡಿದವರಿಗೆ ಹಳೆಯ ತಾರೀಖೇ ಕಾಣುತ್ತದೆ. ಈಗಲೂ ಹಳೆಯ ಲತೀನ್ ಪೂಜೆ ನಡೆಸುವ ಕಡೆ ಆ ಪಂಚಾಂಗವೇ ನಡೆಯುತ್ತದೆ.

ಎರಡು, ಪೂರ್ವದ ಧರ್ಮಸಭೆಗಳು. ಕೆಲವು ಕಡೆ ಇನ್ನೂ ಜೂಲಿಯನ್ ಲೆಕ್ಕ ಇದೆ, ಅದು ಈಗ 13 ದಿನ ಹಿಂದೆ. ಮೈರಾದ ನಿಕೋಲಸರ ಹಬ್ಬ ಡಿಸೆಂಬರ್ 6 ಎಂದು ಓದಿ, ಇನ್ನೊಂದು ಕಡೆ ಡಿಸೆಂಬರ್ 19 ಎಂದು ಕಂಡರೆ ಅದು ಇದೇ ಲೆಕ್ಕ.

ಮೂರು, ದೇಶ, ಧರ್ಮಪ್ರಾಂತ್ಯ, ಸನ್ಯಾಸಿ ಸಭೆಗಳಿಗೆ ಅವರವರದೇ ಪಂಚಾಂಗ ಇರುತ್ತದೆ. ರೋಮಿನ ಸಾಮಾನ್ಯ ಪಂಚಾಂಗದಲ್ಲಿ ಇಲ್ಲದ ಹೆಸರುಗಳೂ ಅಲ್ಲಿ ಇರುತ್ತವೆ.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಬಿಡಿಸಿಬಿಡೋಣ. ‘ಕ್ರಿಸ್ಟೋಫರರನ್ನು ಸಂತರ ಪಟ್ಟಿಯಿಂದ ತೆಗೆದುಹಾಕಿದ್ದಾರಂತೆ’ ಎಂಬ ಮಾತು ಆಗಾಗ ಕೇಳುತ್ತದೆ. ಹಾಗೇನಿಲ್ಲ. 1969ರಲ್ಲಿ ಅವರ ಹಬ್ಬವನ್ನು ಎಲ್ಲರಿಗೂ ಅನ್ವಯಿಸುವ ಪಂಚಾಂಗದಿಂದ ಬಿಟ್ಟರು, ಬೇಕಾದ ಕಡೆ ಆಚರಿಸಲು ಅಡ್ಡಿ ಮಾಡಲಿಲ್ಲ. ಫೆಬ್ರವರಿ 14ರ ವಾಲೆಂಟೈನ್ ಕಥೆಯೂ ಅದೇ. ಆ ದಿನ ಈಗ ಪಂಚಾಂಗದಲ್ಲಿ ಇರುವವರು ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರು. ಸಿರಿಲ್ ತೀರಿಕೊಂಡದ್ದು 869ರ ಫೆಬ್ರವರಿ 14ರಂದು. ಸ್ಲಾವ್ ಜನರ ಮಾತಿಗೆ ಲಿಪಿ ಮಾಡಿಕೊಟ್ಟವರು ಅವರು. ಆದರೂ ವಾಲೆಂಟೈನ್ ಹೆಸರು ‘ರೋಮನ್ ಮಾರ್ಟಿರಾಲಜಿ’ ಎಂಬ ದೊಡ್ಡ ಪಟ್ಟಿಯಲ್ಲಿ ಇವತ್ತಿಗೂ ಇದೆ. ಪಂಚಾಂಗ ಬೇರೆ, ಈ ಪಟ್ಟಿ ಬೇರೆ. ಪಂಚಾಂಗ ಆಯ್ದ ಹೆಸರುಗಳದು. ಪಟ್ಟಿಯಲ್ಲಿ ದಿನಕ್ಕೆ ಹತ್ತಾರು ಹೆಸರು. ನಿಮ್ಮ ಹುಟ್ಟಿದ ದಿನಕ್ಕೆ ಯಾವ ಸಂತರು ಎಂದು ನೋಡಬೇಕಾದರೆ ಪಟ್ಟಿಗೇ ಹೋಗಿ.

ಹೆಜ್ಜೆ 3: ‘ಆ ದಿನವೇ ಯಾಕೆ?’ ಎಂದು ಕೇಳಿ

ಇದು ನನ್ನ ಮೆಚ್ಚಿನ ಹೆಜ್ಜೆ, ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಮೂಲ ನಿಯಮ ಸರಳ. ಹಬ್ಬದ ದಿನ ಎಂದರೆ ಸಂತರು ತೀರಿಕೊಂಡ ದಿನ. ಹಳೆಯ ಕ್ರೈಸ್ತರು ಅದನ್ನು ಸಾವಿನ ದಿನ ಎನ್ನುತ್ತಿರಲಿಲ್ಲ, ಹುಟ್ಟಿದ ದಿನ ಎನ್ನುತ್ತಿದ್ದರು. ಸ್ವರ್ಗದಲ್ಲಿ ಹುಟ್ಟಿದ ದಿನ. ಸ್ಮಿರ್ನಾದ ವೃದ್ಧ ಧರ್ಮಾಧ್ಯಕ್ಷ ಪಾಲಿಕಾರ್ಪರನ್ನು ಎರಡನೇ ಶತಮಾನದ ಮಧ್ಯದಲ್ಲಿ ಕೊಂದಾಗ ಅಲ್ಲಿನ ಜನ ಒಂದು ಪತ್ರ ಬರೆದರು. ಅವರ ಎಲುಬುಗಳನ್ನು ಆಯ್ದು ಇಟ್ಟಿದ್ದೇವೆ, ಪ್ರತಿ ವರ್ಷ ಆ ದಿನ ಅಲ್ಲಿ ಸೇರಿ ಅವರ ‘ಹುಟ್ಟುಹಬ್ಬ’ ಆಚರಿಸುತ್ತೇವೆ ಎಂದು ಅದರಲ್ಲಿದೆ. ಸಂತರ ಹಬ್ಬ ಎಂಬುದರ ಬೇರು ಅಲ್ಲಿದೆ. ಪಾಲಿಕಾರ್ಪರ ಹಬ್ಬ ಫೆಬ್ರವರಿ 23.

ನಿಜವಾದ ಹುಟ್ಟಿದ ದಿನವನ್ನು ಪಂಚಾಂಗ ಆಚರಿಸುವುದು ಮೂವರಿಗೆ ಮಾತ್ರ: ಯೇಸು (ಡಿಸೆಂಬರ್ 25), ಮಾತೆ ಮರಿಯ (ಸೆಪ್ಟೆಂಬರ್ 8), ಸ್ನಾನಿಕ ಯೊವಾನ್ನ (ಜೂನ್ 24).

ಇನ್ನು ನಿಯಮ ಮುರಿದ ಕಡೆ ಬನ್ನಿ. ಮಜಾ ಇರುವುದು ಅಲ್ಲೇ.

ಕೆಲವೊಮ್ಮೆ ಜಾಗ ಖಾಲಿ ಇರುವುದಿಲ್ಲ. ಸಂತ ದೊಮಿನಿಕರು ತೀರಿಕೊಂಡದ್ದು 1221ರ ಆಗಸ್ಟ್ 6. ಆ ದಿನ ಯೇಸುವಿನ ರೂಪಾಂತರದ ಹಬ್ಬ. ಹಾಗಾಗಿ ಇವರದು ಆಗಸ್ಟ್ 8ಕ್ಕೆ. ಲಿಸ್ಯೂನ ತೆರೇಸಾ 1897ರ ಸೆಪ್ಟೆಂಬರ್ 30ರಂದು, 24ನೇ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡರು. ಆ ದಿನ ಬೈಬಲನ್ನು ಲತೀನ್ ಭಾಷೆಗೆ ತಂದ ಜೆರೋಮರದು. ತೆರೇಸಾ ಮಾರನೇ ದಿನಕ್ಕೆ ಹೋದರು.

ಕೆಲವೊಮ್ಮೆ ತಪಸ್ಸುಕಾಲ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ಅಡ್ಡ ಬರುತ್ತದೆ. ಮಾರ್ಚ್ ತಿಂಗಳು ಹೆಚ್ಚಾಗಿ ತಪಸ್ಸುಕಾಲದೊಳಗೇ ಬೀಳುವುದರಿಂದ ಅಲ್ಲಿ ಹಬ್ಬಗಳು ಕಡಿಮೆ ಇರಲಿ ಎಂಬುದು 1969ರ ತಿದ್ದುಪಡಿಯ ಉದ್ದೇಶಗಳಲ್ಲಿ ಒಂದು. ಥಾಮಸ್ ಅಕ್ವಿನಾಸ್ 1274ರ ಮಾರ್ಚ್ 7ರಂದು ತೀರಿಕೊಂಡಿದ್ದರು. ಅವರನ್ನು ಜನವರಿ 28ಕ್ಕೆ ತಂದರು. ಅದು ಅವರ ಅವಶೇಷಗಳನ್ನು ತುಲೂಸ್ ಪಟ್ಟಣಕ್ಕೆ ತಂದ ದಿನ. ಇದರಿಂದ ಲಾಭವಾದದ್ದು ಇಬ್ಬರು ಹೆಣ್ಣುಮಕ್ಕಳಿಗೆ. 203ರ ಮಾರ್ಚ್ 7ರಂದು ಕಾರ್ಥೇಜ್‌ನಲ್ಲಿ ಪ್ರಾಣ ಕೊಟ್ಟ ಪೆರ್ಪೆತುವಾ ಮತ್ತು ಫೆಲಿಸಿತಾ, ಈ ದೊಡ್ಡ ವಿದ್ವಾಂಸರಿಗಾಗಿ ಮಾರ್ಚ್ 6ಕ್ಕೆ ಸರಿದುಕೊಂಡು ಕೂತಿದ್ದರು. ಅವರ ದಿನ ಅವರಿಗೆ ವಾಪಸ್ಸು ಸಿಕ್ಕಿತು.

ಕೆಲವೊಮ್ಮೆ ಲೆಕ್ಕ ಹಾಕುವ ರೀತಿಯೇ ಬೇರೆ. ಅಸ್ಸಿಸಿಯ ಫ್ರಾನ್ಸಿಸರು 1226ರ ಅಕ್ಟೋಬರ್ 3ರ ಸಂಜೆ ಕಣ್ಣುಮುಚ್ಚಿದರು. ಸೂರ್ಯ ಮುಳುಗಿದರೆ ಮಾರನೇ ದಿನ ಶುರು ಎಂಬ ಲೆಕ್ಕದಲ್ಲಿ ಅದು ಅಕ್ಟೋಬರ್ 4. ಟೂರ್ಸ್‌ನ ಮಾರ್ಟಿನರಿಗೆ ತೀರಿಕೊಂಡ ದಿನ (397ರ ನವೆಂಬರ್ 8) ಅಲ್ಲ, ಮಣ್ಣು ಮಾಡಿದ ನವೆಂಬರ್ 11 ಹಬ್ಬವಾಯಿತು. ರಕ್ತಸಾಕ್ಷಿಯಾಗದೆಯೂ ಸಂತರೆಂದು ಗೌರವ ಪಡೆದ ಮೊದಲ ಕೆಲವರಲ್ಲಿ ಅವರೊಬ್ಬರು.

ನನಗೆ ಎಲ್ಲಕ್ಕಿಂತ ಇಷ್ಟವಾದವು ಬದುಕಿನ ತಿರುವನ್ನೇ ಹಬ್ಬ ಮಾಡಿಕೊಂಡ ತಾರೀಖುಗಳು. ಮಿಲಾನಿನ ಅಂಬ್ರೋಸರು ಆ ಪ್ರಾಂತ್ಯದ ರಾಜ್ಯಪಾಲ. ಹೊಸ ಧರ್ಮಾಧ್ಯಕ್ಷರ ಆಯ್ಕೆಯಲ್ಲಿ ಗಲಾಟೆಯಾದೀತೆಂದು ಸಮಾಧಾನ ಮಾಡಲು ಹೋದವರನ್ನೇ ಜನ ‘ನೀವೇ ಆಗಿ’ ಎಂದು ಹಿಡಿದುಕೊಂಡರು. ಅವರಿಗೆ ಇನ್ನೂ ಕ್ರೈಸ್ತರಾಗುವ ದೀಕ್ಷಾಸ್ನಾನವೂ ಆಗಿರಲಿಲ್ಲ! ಕೆಲವೇ ದಿನಗಳಲ್ಲಿ ದೀಕ್ಷಾಸ್ನಾನ, 374ರ ಡಿಸೆಂಬರ್ 7ಕ್ಕೆ ಧರ್ಮಾಧ್ಯಕ್ಷ ಪಟ್ಟ. ಹಬ್ಬ ಆ ದಿನವೇ. ಬೆಲ್ಜಿಯಂನ ಗುರು ದಾಮಿಯನ್ ತೀರಿಕೊಂಡದ್ದು 1889ರ ಏಪ್ರಿಲ್ 15ರಂದು, ತಾವು ಸೇವೆ ಮಾಡಿದವರ ಕುಷ್ಠರೋಗವೇ ತಗುಲಿ. ಅವರ ಹಬ್ಬ ಮೇ 10. ಅದು 1873ರಲ್ಲಿ ಅವರು ಮೊಲೊಕಾಯ್ ದ್ವೀಪಕ್ಕೆ ಕಾಲಿಟ್ಟ ದಿನ. ಪೋಪ್ 23ನೇ ಜಾನ್ ಅವರಿಗೆ ಅಕ್ಟೋಬರ್ 11, ಅಂದರೆ 1962ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ತೆರೆದ ದಿನ. 2ನೇ ಜಾನ್ ಪೌಲ್ ಅವರಿಗೆ ಅಕ್ಟೋಬರ್ 22, 1978ರಲ್ಲಿ ಪೋಪ್ ಆಗಿ ಸೇವೆ ಆರಂಭಿಸಿದ ದಿನ. ಜಾನ್ ಹೆನ್ರಿ ನ್ಯೂಮನ್ 1890ರ ಆಗಸ್ಟ್ 11ರಂದು ತೀರಿಕೊಂಡರು, ಅದು ಅಸ್ಸಿಸಿಯ ಕ್ಲಾರಾರ ದಿನ. ಅವರಿಗೆ ಸಿಕ್ಕಿದ್ದು ಅಕ್ಟೋಬರ್ 9. 1845ರಲ್ಲಿ ಆ ದಿನ ಅವರು ಆಂಗ್ಲಿಕನ್ ಸಭೆ ಬಿಟ್ಟು ಕಥೋಲಿಕ ಧರ್ಮಸಭೆ ಸೇರಿದ್ದರು.

ಹೀಗಾಗಿ ನಿಮ್ಮ ಕೆಲಸ ಏನೆಂದರೆ, ಸತ್ತ ದಿನ ಮತ್ತು ಹಬ್ಬದ ದಿನ ಎರಡನ್ನೂ ಅಕ್ಕಪಕ್ಕ ಬರೆಯಿರಿ. ಒಂದೇ ಆಗಿದ್ದರೆ ಮುಂದಕ್ಕೆ ಹೋಗಿ. ಬೇರೆ ಆಗಿದ್ದರೆ ನಿಂತು ಹುಡುಕಿ.

ಹೆಜ್ಜೆ 4: ಹಬ್ಬದ ದರ್ಜೆ ನೋಡಿ

ಎಲ್ಲ ದಿನಗಳೂ ಒಂದೇ ತೂಕದವಲ್ಲ. ಮಹೋತ್ಸವ, ಹಬ್ಬ, ಸ್ಮರಣೆ, ಐಚ್ಛಿಕ ಸ್ಮರಣೆ ಎಂದು ನಾಲ್ಕು ದರ್ಜೆ. ಸಂತರ ದಿನಗಳಲ್ಲಿ ಮಹೋತ್ಸವ ಆಗಿರುವುದು ಬಹಳ ಕಮ್ಮಿ: ಮಾತೆ ಮರಿಯಳ ಕೆಲವು ದಿನ, ಸಂತ ಜೋಸೆಫರ ಮಾರ್ಚ್ 19, ಸ್ನಾನಿಕ ಯೊವಾನ್ನರ ಜನನ, ಪೇತ್ರ ಪೌಲರ ಜೂನ್ 29, ಸಕಲ ಸಂತರ ನವೆಂಬರ್ 1. ಯೇಸುವಿನ ಮುಖ್ಯ ಶಿಷ್ಯರಾದ ಪ್ರೇಷಿತರಿಗೆ ‘ಹಬ್ಬ’. ಉಳಿದ ಬಹುಪಾಲು ಸ್ಮರಣೆಗಳು. ಐಚ್ಛಿಕ ಎಂದರೆ ಆಚರಿಸಿದರೂ ಸರಿ, ಬಿಟ್ಟರೂ ಸರಿ.

ದರ್ಜೆ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಮಾರ್ಚ್ 17ರ ಪ್ಯಾಟ್ರಿಕ್ ಸಾಮಾನ್ಯ ಪಂಚಾಂಗದಲ್ಲಿ ಐಚ್ಛಿಕ ಸ್ಮರಣೆ, ಐರ್ಲೆಂಡಿನಲ್ಲಿ ಮಹೋತ್ಸವ. ಒಂದು ಚರ್ಚಿನ ಪಾಲಕ ಸಂತರ ದಿನ ಆ ಚರ್ಚಿನ ಮಟ್ಟಿಗೆ ಮಹೋತ್ಸವ.

ಭಾನುವಾರ ಬಂದರೆ? ಸ್ಮರಣೆ ಆ ವರ್ಷ ಸುಮ್ನೆ ಬಿಟ್ಟುಹೋಗುತ್ತದೆ. 2026ರಲ್ಲಿ ಅಕ್ಟೋಬರ್ 4 ಭಾನುವಾರ. ಫ್ರಾನ್ಸಿಸರು ತೀರಿಕೊಂಡು ಸರಿಯಾಗಿ 800 ವರ್ಷ ಆಗುವ ದಿನ! ಆದರೂ ಸಾಮಾನ್ಯ ಪಂಚಾಂಗದ ಪ್ರಕಾರ ಭಾನುವಾರದ್ದೇ ಮೇಲುಗೈ. ಫ್ರಾನ್ಸಿಸ್ಕನ್ ಸಭೆಯವರಿಗೆ ಮಾತ್ರ ಅದು ಮಹೋತ್ಸವವಾದ್ದರಿಂದ ಅವರು ಆಚರಿಸುತ್ತಾರೆ. ಅದೇ ವರ್ಷ ನವೆಂಬರ್ 1 ಕೂಡ ಭಾನುವಾರ, ಸಕಲ ಸಂತರ ದಿನ ಮಹೋತ್ಸವವಾದ್ದರಿಂದ ಅಲ್ಲಿ ಭಾನುವಾರವೇ ಜಾಗ ಬಿಡುತ್ತದೆ. ತಪಸ್ಸುಕಾಲದ ಭಾನುವಾರವಾದರೆ ಮಹೋತ್ಸವವೂ ಸರಿಯಬೇಕು. 2023ರಲ್ಲಿ ಜೋಸೆಫರ ಹಬ್ಬ ಮಾರ್ಚ್ 20ಕ್ಕೆ ಹೋಗಿದ್ದು ಹೀಗೆ.

ದರ್ಜೆ ಏರುವುದೂ ಉಂಟು. 2016ರಲ್ಲಿ ಪೋಪ್ ಫ್ರಾನ್ಸಿಸರು ಜುಲೈ 22ರ ಮಗ್ದಲದ ಮರಿಯಳ ಸ್ಮರಣೆಯನ್ನು ಹಬ್ಬದ ದರ್ಜೆಗೆ ಏರಿಸಿ ಪ್ರೇಷಿತರ ಸಾಲಿಗೆ ತಂದರು. ಪುನರುತ್ಥಾನದ ಸುದ್ದಿಯನ್ನು ಪ್ರೇಷಿತರಿಗೆ ಮುಟ್ಟಿಸಿದವಳಲ್ವಾ ಆಕೆ. ಆರನೇ ಶತಮಾನದ ಕೊನೆಯಲ್ಲಿ ಮಹಾ ಗ್ರೆಗರಿ ಒಂದು ಪ್ರಸಂಗದಲ್ಲಿ ಆಕೆಯನ್ನೂ ಶುಭಸಂದೇಶದ ಹೆಸರಿಲ್ಲದ ಪಾಪಿ ಹೆಂಗಸನ್ನೂ ಒಬ್ಬಳೇ ಎಂದು ಹೇಳಿಬಿಟ್ಟಿದ್ದರು. ಆ ಕಳಂಕ ಹೋಗಲು ಬಹಳ ಕಾಲ ಹಿಡಿಯಿತು.

ಪೂಜೆಗೆ ಹೋದಾಗ ಗುರುಗಳ ಉಡುಪಿನ ಬಣ್ಣ ನೋಡಿ. ಕೆಂಪಾದರೆ ರಕ್ತಸಾಕ್ಷಿ ಅಥವಾ ಪ್ರೇಷಿತರು, ಬಿಳಿಯಾದರೆ ಉಳಿದವರು. ಡಿಸೆಂಬರ್ 27ರ ಯೊವಾನ್ನ ಪ್ರೇಷಿತರಾದರೂ ಬಿಳಿ, ಏಕೆಂದರೆ ಅವರು ರಕ್ತಸಾಕ್ಷಿಯಾಗಲಿಲ್ಲ ಎಂಬುದು ಪರಂಪರೆ.

ಹೆಜ್ಜೆ 5: ಕಥೆಯನ್ನು ಮೂರು ಬುಟ್ಟಿಗೆ ಹಾಕಿ

ಸಂತರ ಜೀವನ ಓದುವವರು ಎರಡು ಬಗೆಯಲ್ಲಿ ಕೆಡುತ್ತಾರೆ. ಒಬ್ಬರು ಎಲ್ಲವನ್ನೂ ನಂಬುತ್ತಾರೆ. ಇನ್ನೊಬ್ಬರು ಒಂದು ಪವಾಡ ಕಂಡ ಕೂಡಲೇ ಎಲ್ಲವನ್ನೂ ಎಸೆಯುತ್ತಾರೆ. ನಾನು ಮಾಡುವುದು, ‘ಇದು ನಮಗೆ ಗೊತ್ತಾದದ್ದು ಹೇಗೆ?’ ಎಂದು ಕೇಳಿ ಮೂರು ಬುಟ್ಟಿಗೆ ಹಂಚುವುದು.

ಮೊದಲ ಬುಟ್ಟಿಯಲ್ಲಿ ಸಂತರ ಸ್ವಂತ ಬರಹ ಅಥವಾ ಕೋರ್ಟಿನ ದಾಖಲೆ. ಪೆರ್ಪೆತುವಾ ಸೆರೆಮನೆಯಲ್ಲಿ ಬರೆದ ಟಿಪ್ಪಣಿ ನಮಗೆ ಉಳಿದಿದೆ. ಇಪ್ಪತ್ತೆರಡರ ಆಸುಪಾಸಿನ ಬಾಣಂತಿ. ಸೆರೆಮನೆಯ ಕತ್ತಲು, ಸೆಕೆ, ಹಾಲಿಲ್ಲದೆ ಸೊರಗುವ ಮಗು, ನಂಬಿಕೆ ಬಿಡು ಎಂದು ಗೋಗರೆಯುವ ಅಪ್ಪ. ಮಗು ಹತ್ತಿರ ಬಂದಾಗ ಸೆರೆಮನೆಯೇ ಅರಮನೆಯಾಯಿತು ಎನ್ನುತ್ತಾಳೆ. 1800 ವರ್ಷ ಹಳೆಯ ಬರಹ ಅಂತ ಅನಿಸುವುದೇ ಇಲ್ಲ. ಜೋನ್ ಆಫ್ ಆರ್ಕ್ ವಿಷಯದಲ್ಲಿ ವಿಚಾರಣೆಯ ಪ್ರಶ್ನೋತ್ತರಗಳೇ ಇವೆ. 1431ರ ಮೇ 30ರಂದು ಸುಟ್ಟರು, 1456ರಲ್ಲಿ ಮರುವಿಚಾರಣೆ ನಡೆಸಿ ಆ ತೀರ್ಪನ್ನು ರದ್ದು ಮಾಡಿದರು, ಸಂತ ಪದವಿ ಬಂದದ್ದು 1920ರಲ್ಲಿ.

ಎರಡನೇ ಬುಟ್ಟಿ, ಹತ್ತಿರದಿಂದ ಬಲ್ಲವರು ಬರೆದದ್ದು. ಮಾರ್ಟಿನರ ಬಗ್ಗೆ ಸುಲ್ಪಿಸಿಯಸ್ ಸೆವೆರಸ್, ಮರುಭೂಮಿಯ ಅಂತೋಣಿಯವರ ಬಗ್ಗೆ ಅತನಾಸಿಯಸ್. ಇಲ್ಲಿ ಅಭಿಮಾನ ಜಾಸ್ತಿ ಇರುತ್ತದೆ, ಆದರೆ ನಿಜವಾದ ಮನುಷ್ಯನ ನೆರಳು ಕಾಣುತ್ತದೆ.

ಮೂರನೇ ಬುಟ್ಟಿ, ಶತಮಾನಗಳ ಬಳಿಕ ಬೆಳೆದ ಕಥೆ. ಬಾರ್ಬರಾ, ಕ್ರಿಸ್ಟೋಫರ್, ಜಾರ್ಜ್ ಮತ್ತು ಡ್ರ್ಯಾಗನ್, ಅಲೆಕ್ಸಾಂಡ್ರಿಯಾದ ಕ್ಯಾಥರಿನ್. ಗುರುತು ಹಿಡಿಯುವುದು ಕಷ್ಟವಲ್ಲ. ರಾಜನಿಗೆ ಹೆಸರಿರುವುದಿಲ್ಲ ಅಥವಾ ಆ ಕಾಲಕ್ಕೆ ಹೊಂದುವುದಿಲ್ಲ. ಒಂದಾದ ಮೇಲೊಂದು ಚಿತ್ರಹಿಂಸೆ ಸೋಲುತ್ತದೆ, ಕೊನೆಗೆ ಕತ್ತಿಯೇ ಬೇಕಾಗುತ್ತದೆ. ನಡುವೆ ಉದ್ದುದ್ದ ಭಾಷಣ. ಕೆಲವೊಮ್ಮೆ ಹೆಸರೇ ಕಥೆ ಹೆರುತ್ತದೆ. ಕ್ರಿಸ್ಟೋಫರ್ ಎಂದರೆ ಗ್ರೀಕ್‌ನಲ್ಲಿ ‘ಕ್ರಿಸ್ತನನ್ನು ಹೊತ್ತವನು’. ಮಗುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುವ ದೈತ್ಯನ ಕಥೆ ಅದರಿಂದ ಬೆಳೆದಿರಬೇಕು ಎನ್ನುವವರಿದ್ದಾರೆ. ಜೆರೋಮರ ಪಕ್ಕದಲ್ಲಿ ಕೂರುವ ಸಿಂಹ ಜೆರಾಸಿಮಸ್ ಎಂಬ ಇನ್ನೊಬ್ಬ ಸನ್ಯಾಸಿಯದು, ಹೆಸರಿನ ಹೋಲಿಕೆಯಿಂದ ಇವರ ಮನೆಗೆ ಬಂತು ಎಂಬ ವಿವರಣೆ ಇದೆ.

ಇಂಥ ವಲಸೆಗಳಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಜೋಸಫಾತ್ ಕಥೆ. ಜ್ಯೋತಿಷಿಯ ಮಾತಿಗೆ ಹೆದರಿದ ರಾಜ ಮಗನನ್ನು ಅರಮನೆಯಲ್ಲೇ ಬೆಳೆಸುತ್ತಾನೆ. ಮಗ ಹೊರಗೆ ಬಂದಾಗ ರೋಗಿ, ಮುದುಕ, ಸಾವು ಇವುಗಳ ಅರಿವಾಗುತ್ತದೆ. ರಾಜ್ಯ ಬಿಟ್ಟು ಹೋಗುತ್ತಾನೆ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಹೌದು, ಬುದ್ಧನ ಕಥೆಯೇ. ‘ಬೋಧಿಸತ್ವ’ ಎಂಬ ಪದ ಭಾಷೆಯಿಂದ ಭಾಷೆಗೆ ದಾಟುತ್ತಾ ‘ಜೋಸಫಾತ್’ ಆಯಿತು. ಬಾರ್ಲಾಮ್ ಎಂಬ ಗುರುವಿನ ಜೊತೆ ಆತನ ಹೆಸರು ನವೆಂಬರ್ 27ಕ್ಕೆ ಸಂತರ ಪಟ್ಟಿಯಲ್ಲೂ ಸೇರಿತ್ತು. ಈಗ ಇಲ್ಲ.

ಇದನ್ನೆಲ್ಲ ಜರಡಿ ಹಿಡಿಯುವ ಕೆಲಸ ಹೊರಗಿನ ಟೀಕಾಕಾರರು ಶುರು ಮಾಡಿದ್ದಲ್ಲ. ಬೊಲಾಂಡಿಸ್ಟರು ಎಂಬ ಯೇಸುಸಭೆಯ ಗುರುಗಳ ತಂಡ 1643ರಲ್ಲೇ, ಹಬ್ಬದ ತಾರೀಖಿನ ಕ್ರಮದಲ್ಲಿ, ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ಸಂಪುಟಗಳನ್ನು ಹೊರತರಲು ಆರಂಭಿಸಿತು. ಜನವರಿ 1ರಿಂದ ಶುರು ಮಾಡಿದ ಅವರು ಮುನ್ನೂರು ವರ್ಷಗಳಾದರೂ ಡಿಸೆಂಬರ್ ಮುಗಿಸಲಿಲ್ಲ. ನೀವು ಒಂದು ವರ್ಷದಲ್ಲಿ ಮುಗಿಸಬೇಕೆಂದು ಹಟ ಹಿಡಿಯಬೇಡಿ.

ಮೂರನೇ ಬುಟ್ಟಿಯನ್ನು ಬಿಸಾಡಲೂಬೇಡಿ. ಲಾರೆನ್ಸರನ್ನು ಕಬ್ಬಿಣದ ಸಲಾಕೆಗಳ ಮೇಲೆ ಸುಟ್ಟರು, ‘ಈ ಕಡೆ ಬೆಂದಿದೆ, ಮಗ್ಗುಲು ತಿರುಗಿಸಿ’ ಎಂದು ಅವರು ತಮಾಷೆ ಮಾಡಿದರು ಎಂಬುದು ಕಥೆ. ಚರಿತ್ರೆಯಲ್ಲಿ ಗಟ್ಟಿಯಾಗಿ ಇರುವುದಿಷ್ಟು: 258ರಲ್ಲಿ ಚಕ್ರವರ್ತಿ ವಲೇರಿಯನ್ ಕ್ರೈಸ್ತ ಗುರುಗಳನ್ನು ಕೂಡಲೇ ಕೊಲ್ಲಲು ಆಜ್ಞೆ ಹೊರಡಿಸಿದ, ಆಗಸ್ಟ್ 6ರಂದು ಪೋಪ್ 2ನೇ ಸಿಕ್ಸ್ತಸ್ ಸತ್ತರು, ನಾಲ್ಕು ದಿನದ ಬಳಿಕ ಲಾರೆನ್ಸರು. ಅವರನ್ನೂ ಕತ್ತಿಯಿಂದಲೇ ಕೊಂದಿರಬಹುದು ಎಂಬುದು ಹಲವು ವಿದ್ವಾಂಸರ ಅಂದಾಜು. ಆದರೆ ಆ ತಮಾಷೆ ಇಲ್ಲದಿದ್ದರೆ ಅವರು ಅಡುಗೆಯವರ ಪಾಲಕ ಸಂತರು ಹೇಗಾಗುತ್ತಿದ್ದರು? ಕಥೆಯನ್ನೂ ಬರೆಯಿರಿ, ಪಕ್ಕದಲ್ಲಿ ‘3’ ಎಂದು ಹಾಕಿ.

ಹೆಜ್ಜೆ 6: ಕೈಯಲ್ಲಿ ಏನಿದೆ ನೋಡಿ

ಹಳೆಯ ಚಿತ್ರ, ಪ್ರತಿಮೆಗಳಲ್ಲಿ ಮುಖ ನೋಡಿ ಪ್ರಯೋಜನವಿಲ್ಲ. ಕೈ ಮತ್ತು ಕಾಲ ಬಳಿ ನೋಡಿ. ಬೀಗದ ಕೈ ಇದ್ದರೆ ಪೇತ್ರ, ಕತ್ತಿ ಇದ್ದರೆ ಪೌಲ, ಓರೆ ಶಿಲುಬೆ ಇದ್ದರೆ ಅಂದ್ರೆಯ, ಮುರಿದ ಚಕ್ರ ಇದ್ದರೆ ಕ್ಯಾಥರಿನ್, ಕುರಿಮರಿ ಇದ್ದರೆ ಆಗ್ನೆಸ್, ತಟ್ಟೆಯಲ್ಲಿ ಎರಡು ಕಣ್ಣು ಇದ್ದರೆ ಲೂಸಿ, ರೊಟ್ಟಿ ಕಚ್ಚಿಕೊಂಡ ನಾಯಿ ಇದ್ದರೆ ರೋಕ್. ಅಂತೋಣಿಯವರ ಗೊಂದಲವೂ ಇಲ್ಲೇ ಬಗೆಹರಿಯುತ್ತದೆ. ಬಾಲಯೇಸುವನ್ನು ಎತ್ತಿಕೊಂಡವರು ಪಾದುವಾದವರು, ಪಕ್ಕದಲ್ಲಿ ಹಂದಿ ಮತ್ತು ಗಂಟೆ ಇರುವವರು ಮರುಭೂಮಿಯವರು. ಕೈಯಲ್ಲಿ ಖರ್ಜೂರದ ಗರಿ ಇದ್ದರೆ ಯಾರೋ ಒಬ್ಬ ರಕ್ತಸಾಕ್ಷಿ ಎಂದಷ್ಟೇ ಅರ್ಥ.

ಆಯುಧ ಎಂದರೆ ಅದರಿಂದಲೇ ಸತ್ತರು ಎಂದುಕೊಳ್ಳಬೇಡಿ. ಸೆಬಾಸ್ಟಿಯನ್ ಮೈತುಂಬ ಬಾಣ ನಾಟಿಸಿಕೊಂಡು ನಿಂತಿರುತ್ತಾರೆ. ಕಥೆಯ ಪ್ರಕಾರವೇ ಅವರು ಬಾಣಗಳಿಂದ ಬದುಕುಳಿದರು, ಆಮೇಲೆ ದೊಣ್ಣೆಯಿಂದ ಹೊಡೆದು ಕೊಂದರು.

ಹೆಜ್ಜೆ 7: ಸ್ವಂತ ಪುಸ್ತಕ ಶುರು ಮಾಡಿ

ಒಂದು ನೋಟ್‌ಬುಕ್ ಸಾಕು. ಸಂತರಿಗೆ ಒಂದು ಪುಟ. ಹೆಸರು ಮತ್ತು ಊರು, ಹುಟ್ಟಿದ ವರ್ಷ, ತೀರಿಕೊಂಡ ದಿನ, ಹಬ್ಬದ ದಿನ, ಆ ದಿನವೇ ಯಾಕೆ, ದರ್ಜೆ, ಬುಟ್ಟಿಯ ನಂಬರು, ಗುರುತಿನ ವಸ್ತು. ಕೆಳಗೆ ಅರ್ಧ ಪುಟ ಖಾಲಿ ಬಿಡಿ, ಮುಂದೆ ಓದಿದ್ದು ಸೇರಿಸಲು ಬೇಕಾಗುತ್ತದೆ.

ಜನವರಿ 1ರಿಂದಲೇ ಶುರು ಮಾಡಬೇಕೆಂದಿಲ್ಲ. ನಾನಾದರೆ ಅಕ್ಟೋಬರ್‌ನಿಂದ ಎನ್ನುತ್ತೇನೆ. 1ಕ್ಕೆ ಲಿಸ್ಯೂನ ತೆರೇಸಾ, 4ಕ್ಕೆ ಫ್ರಾನ್ಸಿಸ್, 11ಕ್ಕೆ 23ನೇ ಜಾನ್, 15ಕ್ಕೆ ಅವಿಲಾದ ತೆರೇಸಾ, 17ಕ್ಕೆ ಅಂತಿಯೋಕ್ಯದ ಇಗ್ನಾಸಿಯಸ್, 22ಕ್ಕೆ 2ನೇ ಜಾನ್ ಪೌಲ್, 28ಕ್ಕೆ ಸಿಮೋನ ಮತ್ತು ಯೂದ. ಮೂರನೇ ಹೆಜ್ಜೆಯಲ್ಲಿ ಹೇಳಿದ ಬಗೆಬಗೆಯ ತಾರೀಖುಗಳು ಈ ಒಂದೇ ತಿಂಗಳಲ್ಲಿ ಸಿಗುತ್ತವೆ. ಇಗ್ನಾಸಿಯಸರನ್ನು ಕಾಡುಮೃಗಗಳಿಗೆ ಹಾಕಲು ರೋಮಿಗೆ ಕರೆದೊಯ್ಯುವಾಗ ದಾರಿಯಲ್ಲಿ ಅವರು ಬರೆದ ಏಳು ಪತ್ರಗಳು ಉಳಿದಿವೆ. ಅವು ಮೊದಲ ಬುಟ್ಟಿಗೆ.

ಹಬ್ಬದ ದಿನ ಆ ಪುಟ ತೆರೆದು ಓದಿ, ಪೂಜೆಯ ಆರಂಭದ ಪ್ರಾರ್ಥನೆಯನ್ನೂ ಗಮನವಿಟ್ಟು ಕೇಳಿ. ಎರಡು ಸಾಲಿನ ಆ ಪ್ರಾರ್ಥನೆಯಲ್ಲಿ ಧರ್ಮಸಭೆ ಆ ಸಂತರಲ್ಲಿ ಏನನ್ನು ಮುಖ್ಯ ಎಂದುಕೊಂಡಿದೆ ಎಂಬುದು ಇರುತ್ತದೆ. ನಿಮ್ಮ ಓದಿಗೆ ಅದು ಹೊಂದದೇ ಇರಬಹುದು, ಅದನ್ನೂ ಬರೆದಿಡಿ.

ನಿಮ್ಮ ಹೆಸರಿಗೆ ಸಂತರೇ ಇಲ್ಲವಾದರೆ ಅದೇ ಅರ್ಥದ ಹೆಸರಿನವರನ್ನು ಹುಡುಕಬಹುದು, ಹುಟ್ಟಿದ ದಿನದವರನ್ನು ಆರಿಸಬಹುದು, ಕಸುಬಿನ ಪಾಲಕರನ್ನು ಹಿಡಿಯಬಹುದು. ಯಾವುದೂ ಹೊಂದದಿದ್ದರೆ ನವೆಂಬರ್ 1 ಇದೆ. ಪಟ್ಟಿಗೆ ಸೇರದ, ತಾರೀಖೇ ಗೊತ್ತಿಲ್ಲದ ಎಲ್ಲ ಸಂತರ ದಿನ ಅದು.

ಕಾಲಂ ತುಂಬಲಿಲ್ಲ ಅಂತ ಪುಟ ಹರಿಯಬೇಡಿ. ನನ್ನ ನೋಟ್‌ಬುಕ್ಕಿನಲ್ಲಿ ಜೋಸೆಫಿನ್ ಬಖಿತಾ ಅವರ ಪುಟ ಬಹಳ ಖಾಲಿ ಇದೆ. ಸುಡಾನಿನಲ್ಲಿ ಹುಟ್ಟಿದ್ದು ಸುಮಾರು 1869. ಚಿಕ್ಕ ವಯಸ್ಸಿನಲ್ಲೇ ಹಿಡಿದು ಗುಲಾಮಳಾಗಿ ಮಾರಿದರು. ಹೆದರಿಕೆಯಲ್ಲಿ ಆ ಹುಡುಗಿಗೆ ತನ್ನ ಹೆಸರೇ ಮರೆತುಹೋಯಿತು. ‘ಬಖಿತಾ’ ಎಂಬುದು ಹಿಡಿದವರು ಇಟ್ಟ ಹೆಸರು, ಅರಬ್ಬಿಯಲ್ಲಿ ‘ಅದೃಷ್ಟವಂತೆ’ ಎಂದು ಅರ್ಥ. ಹುಟ್ಟಿದ ದಿನ ಖಾಲಿ. ತಂದೆತಾಯಿ ಇಟ್ಟ ಹೆಸರು ಖಾಲಿ. ಗಟ್ಟಿಯಾಗಿ ತುಂಬಿರುವುದು 1947ರ ಫೆಬ್ರವರಿ 8 ಎಂಬ ಒಂದು ತಾರೀಖು. ಹಬ್ಬವೂ ಅದೇ ದಿನ.